ಓಬಳಪ್ಪನ ಆಂಪ್ಲಿಫೈಯರು

ಗಂಡ ಲೋಹಿತನ ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಗ್ಗೆ ಮಾಲತಿ ಅಂಗಳಕ್ಕೆ ಬಂದರೆ, ಅತ್ತೆ ತಿಪ್ಪೇರುದ್ರಮ್ಮ ಕಾರಿನ ಡಿಕ್ಕಿ ತೆಗೆಸಿ ಆಂಪ್ಲಿಫೈಯರಿಗೆ ಊದುಬತ್ತಿ ಬೆಳಗುತ್ತಿದ್ದಳು. ಪಕ್ಕದಲ್ಲಿ ಮೈದುನ ರಾಮಾಂಜನೇಯ ಕೈಮುಗಿದು ನಿಂತಿದ್ದ. ವೂಫರ್ ಸ್ಪೀಕರಿನ ನಟ್ಟನಡುವೆ ಕುಂಕುಮ. ಆಂಪ್ಲಿಫೈಯರಿನ ನೆತ್ತಿಯ ಮೇಲೊಂದು ನಿಂಬೆಹಣ್ಣು.

"ಏನತ್ತೆ ಇದು?"

"ಹಾಡು ಹಾಕಿದ್ರೆ ಬರೀ ಕೆಂಪ್ ಲೈಟು ಕಣೇ, ಉಸಿರೇ ಬಿಡಲ್ಲ. ಲೋಹಿತ ಅದ್ರಾಗೆ ಸಿಟ್ ಮಾಡ್ಕಂಡು ಕುಂತವ್ನೆ."

"ಅಣ್ಣ ಇದ್ದಾಗ್ಲೂ ಕೆಂಪೇ ಇತ್ತಲ್ಲವ್ವಾ" ಎಂದ ರಾಮಾಂಜನೇಯ.

"ಅವಾಗ್ಲೂ ಅವ್ನಿಗೆ ಸಿಟ್ಟೇ ಇತ್ತು. ಸುಮ್ಕೆ ಕೈ ಮುಗಿಯಲೇ."

ಆಂಪ್ಲಿಫೈಯರು ಈ ಮನೆಯದಲ್ಲ. ಬಾಡಿಗೆ ಕಾರು ಓಡಿಸುತ್ತಿದ್ದ ಲೋಹಿತ, ಒಂದು ಮದುವೆ ದಿಬ್ಬಣಕ್ಕೆಂದು ಚಳ್ಳಕೆರೆಯ ಓಬಳಪ್ಪನ ಅಂಗಡಿಯಿಂದ ಕೇಳಿ ತಂದಿದ್ದ. ಆಮೇಲೆ ಕಾಮಾಲೆ ಬಂತು, ಆಸ್ಪತ್ರೆಯಾಯಿತು, ಎಲ್ಲ ಮುಗಿಯಿತು. ನಿನ್ನೆ ಪಂಕ್ತಿಯಲ್ಲಿ ಕೂತ ಓಬಳಪ್ಪ ಪಾಯಸ ಸುರಿಯುತ್ತಾ, "ಒಳ್ಳೆ ಹುಡುಗ. ನನ್ ಆಂಪ್ಲಿಫೈಯರ್ ಒಂದು ಹಾಳ್ಮಾಡಿ ಹೋದ" ಎಂದಿದ್ದ. ದೇವಸಮುದ್ರದ ಅರ್ಧ ಊರು ಆ ಮಾತು ಕೇಳಿಸಿಕೊಂಡು ಹಪ್ಪಳ ಮುರಿಯಿತು. ಇಷ್ಟು ದಿನದ ಅಳು, ಕೂಗು, ಸಮಾಧಾನ ಯಾವುದೂ ಮಾಲತಿಯ ಒಳಗೆ ಇಳಿದಿರಲಿಲ್ಲ. ಈ ಒಂದು ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ಮಾವಿನ ನಾರಿನಂತೆ ಅಲ್ಲೇ ಉಳಿದುಕೊಂಡಿತ್ತು. ಸತ್ತವನು ಮತ್ತೆ ಬಂದು, ಇಲ್ಲ, ಹಾಳು ಮಾಡಿಲ್ಲ ಎನ್ನುವಂತಿಲ್ಲವಲ್ಲ.

"ಇವತ್ತು ವಾಪಸ್ ಕೊಟ್ಟು ಬರ್ತೀನಿ" ಎಂದಳು. "ರಿಪೇರಿ ಮಾಡಿ."

"ಅತ್ತಿಗೆ, ಇದು ಕಾರಿನ ವಿಷ್ಯ. ನಿಮಗ್ ಗೊತ್ತಾಗಲ್ಲ" ಎಂದ ರಾಮಾಂಜನೇಯ.

ಲೋಹಿತನೂ ಹೀಗೇ ಹೇಳಿದ್ದ. ಭೌತಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿದ ಹೆಂಡತಿ, ವೈರು ಒಂದ್ಸಲ ನೋಡ್ತೀನಿ ಎಂದಾಗ, "ನೀನು ಓದಿದ ಕರೆಂಟೇ ಬೇರೆ, ಬ್ಯಾಟ್ರಿ ಕರೆಂಟೇ ಬೇರೆ ಕಣೇ" ಎಂದು ನಕ್ಕು ಡಿಕ್ಕಿ ಮುಚ್ಚಿದ್ದ. ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಈಗ ನಿಂಬೆಹಣ್ಣನ್ನು ಅತ್ತೆಯ ಕೈಗಿಟ್ಟು, ಬ್ಯಾಟರಿಯ ವೈರು ಬಿಚ್ಚಿಸಿ, ಗಾಳಿಕಂಡಿಯಲ್ಲಿ ಬಿದ್ದಿದ್ದ ಊದುಬತ್ತಿಯ ಬೂದಿ ಊದಿ ವೂಫರನ್ನು ತಿರುಗಿಸಿದಳು. ಅದಕ್ಕೆ ಎರಡು ಕಾಯಿಲ್, ಒಂದೊಂದರ ತಡೆಯೂ ಎರಡು ಓಮ್. ಲೋಹಿತ ಎರಡನ್ನೂ ಅಕ್ಕಪಕ್ಕ ಜೋಡಿಸಿದ್ದ. ಒಟ್ಟು ತಡೆ ಅರ್ಧಕ್ಕಿಳಿದು ಒಂದೇ ಓಮ್. ಎರಡಕ್ಕಿಂತ ಕೆಳಗಿಳಿಸಬಾರದೆಂದು ಆಂಪ್ಲಿಫೈಯರಿನ ಬೆನ್ನ ಮೇಲೇ ಬರೆದಿತ್ತು.

"ತಡೆಯೋಕಾಗದಷ್ಟು ಕರೆಂಟ್ ಎಳೀತಿದೆ ರಾಮು. ಸುಟ್ಟುಹೋಗಬಾರ್ದು ಅಂತ ತಾನೇ ಬಾಗಿಲು ಹಾಕ್ಕೊಂಡಿದೆ. ಅದಕ್ಕೇ ಕೆಂಪು ಲೈಟು."

"ಮತ್ತೆ ವೂಫರ್ ಮ್ಯಾಲೆ ಸಾವಿರದಿನ್ನೂರು ವಾಟ್ ಅಂತ ಐತಲ್ಲ?"

"ಅದು ಒಂದು ಕ್ಷಣಕ್ಕೆ. ದಿನಾ ತಡೆಯೋದು ಮುನ್ನೂರೇ. ಕೆಳಗೆ ಸಣ್ಣಕ್ಷರದಲ್ಲಿದೆ ನೋಡು."

"ದೊಡ್ಡಕ್ಷರ ಮುಗಿಯೋಷ್ಟ್ರಾಗೆ ಅಂಗಡೀಲಿ ದುಡ್ ಕೊಟ್ಬಿಟ್ಟಿರ್ತೀವಲ್ಲ ಅತ್ತಿಗೆ!"

ಅವಳು ಒಂದು ಕಾಯಿಲಿನ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದಳು. ನಾಲ್ಕು ಓಮ್ ಆಯಿತು. ನಾಲ್ಕು ಓಮ್‌ಗೆ ಆಂಪ್ಲಿಫೈಯರು ಕೊಡುವುದೂ ಸರಿಯಾಗಿ ಮುನ್ನೂರು ವಾಟ್. ಕೊನೆಯವರೆಗೆ ತಿರುಗಿಸಿಟ್ಟಿದ್ದ ಗೇನ್ ಗುಂಡಿಯನ್ನು ಪೂರ್ತಿ ಇಳಿಸಿದಳು.

"ಅಯ್ಯೋ, ಸೌಂಡ್ ಕಮ್ಮಿ ಆಗ್ತೈತೆ!"

"ಇದು ಸೌಂಡಿನ ಗುಂಡಿ ಅಲ್ಲ. ಒಳಗೆ ಬರೋ ಹಾಡನ್ನ ಎಷ್ಟು ಹಿಗ್ಗಿಸಬೇಕು ಅನ್ನೋದಕ್ಕೆ. ಹಾಡು ಒಡೆಯೋಕೆ ಮುಂಚೆ ನಿಲ್ಲಿಸಬೇಕು."

ಬ್ಯಾಟರಿ ಕೊಟ್ಟು ಹಾಡು ಹಾಕಿದರು. ಹಸಿರು ದೀಪ ಹತ್ತಿತು. ಗುಂಡಿಯನ್ನು ಅವಳು ಕೂದಲೆಳೆಯಷ್ಟೇ ಏರಿಸುತ್ತ ಹೋದಂತೆ ಹಟ್ಟಿಯ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಬಾಗಿಲ ಚಿಲಕ ತಾನಾಗಿ ಅಲುಗಿತು. ತಿಪ್ಪೇರುದ್ರಮ್ಮ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು.

ಮಾಲತಿ ಗಕ್ಕನೆ ಲೋಹಿತ ಕೂರುತ್ತಿದ್ದ ಡ್ರೈವರ್ ಸೀಟಿನ ಕಡೆ ತಿರುಗಿ, "ನೋಡಿದ್ರಾ?" ಎಂದಳು.

"ನೋಡ್ದೆ ಅತ್ತಿಗೆ" ಎಂದ ಅಲ್ಲಿ ಕೂತಿದ್ದ ರಾಮಾಂಜನೇಯ.

ಅವಳು ಅವನನ್ನು ಕೇಳಿರಲಿಲ್ಲ.

ಆಂಪ್ಲಿಫೈಯರು ಬಿಚ್ಚಿ ಟವೆಲಿನಲ್ಲಿ ಸುತ್ತುವಾಗ ಅತ್ತೆ ಅಡ್ಡ ಬಂದಳು. ಗಂಡ ಸತ್ತವಳು ಇಷ್ಟು ಬೇಗ ಹೊಸಿಲು ದಾಟಬಾರದು. ಆದರೆ ಸತ್ತವನು ಇಸ್ಕೊಂಡು ತಂದಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಲೂಬಾರದು. ಅತ್ತೆ ಎರಡನ್ನೂ ತೂಗಿ ನೋಡಿದಳು. "ಹೋಗ್ಬಾ ಅತ್ಲಾಗೆ. ರಾಮೂನ ಕಳ್ಸಿದ್ರೆ ದಾರಿಯಾಗೆ ಯಾರ್ಗಾದ್ರೂ ಕೊಟ್ ಬರ್ತಾನೆ."

ಚಳ್ಳಕೆರೆಯ ಅಂಗಡಿಯಲ್ಲಿ ಓಬಳಪ್ಪ ಟೀ ಕುಡಿಯುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ. "ನೀನ್ಯಾಕೆ ಬರಾಕ್ ಹೋದೆ ತಂಗೀ? ಕೆಟ್ಟಿದ್ದು ಬಿಡು, ಗುಜರಿಗೆ ಹಾಕ್ತಿದ್ದೆ."

"ಹಾಕಿ ನೋಡಿ, ಅಣ್ಣ."

ಅವನು ಅನುಮಾನದಿಂದಲೇ ಅಂಗಡಿಯ ವೂಫರಿಗೆ ಕೊಟ್ಟ. ಹಸಿರು ದೀಪ. ಗಾಜಿನ ಕಪಾಟು ಗುಂಯ್ಗುಟ್ಟಿತು.

"ಅರೆರೆ! ಯಾರ್ ರಿಪೇರಿ ಮಾಡಿದ್ದು?"

ಮಾಲತಿ ಟವೆಲನ್ನು ಮಡಿಚಿದಳು. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಓಮುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

"ಅವರೇ" ಎಂದಳು. "ಆಸ್ಪತ್ರೆಗೆ ಹೋಗೋಕೆ ಮುಂಚೆ ಸರಿ ಮಾಡಿಟ್ಟಿದ್ರು."

"ನಾನು ನಿನ್ನೆ ಊಟದಾಗೆ ಏನೋ ಅಂದ್ಬಿಟ್ಟೆ" ಎಂದು ಓಬಳಪ್ಪ ಕತ್ತು ಕೆರೆದುಕೊಂಡ. "ಎಲ್ರಿಗೂ ಹೇಳ್ತೀನಿ ತಂಗೀ."

ಮೇಜಿನ ಮೇಲಿನ ಟೀ ಗ್ಲಾಸು ಹಾಡಿನ ಏಟಿಗೆ ಇಷ್ಟಿಷ್ಟೇ ಸರಿಯುತ್ತ ಅಂಚಿನ ಕಡೆ ಹೊರಟಿತ್ತು. ಮಾಲತಿ ಅದರ ಮೇಲೆ ಅಂಗೈ ಇಟ್ಟಳು. ಗ್ಲಾಸು ನಿಂತಿತು. ಆ ಏಟು ಈಗ ಅವಳ ಕೈಯೊಳಗೆ ಇಳಿಯಿತು, ಮೊಣಕೈಯವರೆಗೆ, ಭುಜದವರೆಗೆ. ಹಾಡು ಮುಗಿಯುವತನಕ ಅವಳು ಕೈ ತೆಗೆಯಲಿಲ್ಲ.