ಮೈಲಿಗೆಯಿಲ್ಲದ ಸೀರೆ

ರೇಷ್ಮೆಗೆ ಮೈಲಿಗೆಯಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಮೂವತ್ತು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದೆ. ನಮ್ಮ ಮನೆಯಲ್ಲಿ ನೈವೇದ್ಯದ ಅಡುಗೆಗೆಂದೇ ಒಂದು ಕೆಂಪು ರೇಷ್ಮೆಯ ಪಟ್ಟೆ ಸೀರೆಯಿದೆ. ಹತ್ತಿ ಸೀರೆಯಾದರೆ ದಿನವೂ ಒಗೆದು ಮಡಿ ಮಾಡಬೇಕು, ಪಟ್ಟೆಗೆ ಆ ರಗಳೆಯಿಲ್ಲ. ಉಟ್ಟು ಬಿಚ್ಚಿ ಗಳಕ್ಕೆ ಹಾಕಿದರೆ ಮುಗಿಯಿತು. ಶ್ರಾವಣವಿಡೀ ಒಂದು ದಿನ ನಾನು ಉಟ್ಟರೆ ಮರುದಿನ ಸೊಸೆ ಸಿಂಚನಾ. ಒಲೆಯ ಮುಂದೆ ಬೆವರಿದ್ದು ಸರಿಯಾಗಿ ಒಣಗುವುದರೊಳಗೆ ಇನ್ನೊಬ್ಬರ ಸರದಿ ಬಂದಿರುತ್ತಿತ್ತು.

ಸಿಂಚನಾ ಹೊಸನಗರದ ಶಾಲೆಯೊಂದರಲ್ಲಿ ಗಣಿತ ಟೀಚರು, ದಿನವೂ ಬಸ್ಸಿನಲ್ಲಿ ಓಡಾಡುವವಳು. ಚೌತಿಯ ದಿನ ಬೆಳಿಗ್ಗೆ ನನಗೆ ಸೀರೆ ಉಡಿಸಲು ನೆರಿಗೆ ಹಿಡಿದವಳು ಅವಳೇ. ಮಧ್ಯಾಹ್ನ ಕಡುಬಿನ ಪಾತ್ರೆ ಎತ್ತಲು ಬಗ್ಗಿದಾಗ ಅವಳ ಸೊಂಟದಲ್ಲಿ ಕೆಂಪಗೆ ಬಳೆಯಂಥ ಹುಳುಕಡ್ಡಿ ಕಂಡಿತು. ನೆಂಟರಿಷ್ಟರೆಲ್ಲ ಎದುರಿಗೇ ಇದ್ದರು. ನನ್ನ ನಾಲಿಗೆಗೆ ಎಲುಬಿಲ್ಲ.

"ನೀನು ಬಸ್ಸಲ್ಲಿ ಯಾರ್ಯಾರೋ ಕೂತ ಸೀಟಲ್ಲಿ ಕೂತು ತಂದ್ಕಂಡಿದ್ದೆ. ಗುಣ ಆಗವರಿಗೂ ಅಡ್ಗೆಮನೆಗೆ ಬರಡ" ಎಂದೆ.

"ಆತು ಅತ್ತೆ" ಎಂದು ಹೊರಗೆ ಹೋದಳು. ಅಂದಿನಿಂದ ಅವಳ ಊಟದ ಬಾಳೆಯೆಲೆ ಜಗುಲಿಯಲ್ಲಿ, ಲೋಟ ಬೇರೆ, ಚಾಪೆ ಬೇರೆ.

ಮಗ ಹರಿಪ್ರಸಾದ್ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬು ತಂದ. ಮೂರೇ ದಿನಕ್ಕೆ ತುರಿಕೆ ನಿಂತಿತು. ಹಚ್ಚುವುದು ಬಿಟ್ಟ ವಾರಕ್ಕೆ ಹೊಟ್ಟೆ, ತೊಡೆಗೆಲ್ಲ ಹಬ್ಬಿತು. ಕೊನೆಗೆ ಸಾಗರದ ಚರ್ಮದ ಡಾಕ್ಟರ ಹತ್ತಿರ ಹೊರಟಾಗ ನಾನೂ ಜೊತೆಗೆ ಹೋದೆ. ಪ್ರೀತಿಗಲ್ಲ, ಬಸ್ಸಿನಿಂದಲೇ ಬಂದದ್ದು ಎಂದು ಡಾಕ್ಟರ ಬಾಯಿಂದ ಕೇಳಬೇಕಿತ್ತು.

ಡಾಕ್ಟರು ಟ್ಯೂಬು ನೋಡಿ ತಲೆ ಕೊಡವಿದರು. "ಇದರಲ್ಲಿ ಸ್ಟಿರಾಯ್ಡ್ ಇದೆಯಮ್ಮಾ. ತುರಿಕೆ ಅಡಗ್ಸುತ್ತೆ, ರೋಗ ಬೆಳೆಸುತ್ತೆ. ಹುಳುಕಡ್ಡಿ ಅಂದ್ರೆ ಹುಳ ಅಲ್ಲ, ಬೂಷ್ಟಿನ ಜಾತಿ. ಬೆವರು, ಒದ್ದೆ ಇದ್ರೆ ಸಾಕು ಅದಕ್ಕೆ. ಒಬ್ಬರುಟ್ಟ ಬಟ್ಟೆ ಇನ್ನೊಬ್ಬರು ಉಡ್ತೀರಾ?"

"ನಮ್ಮದು ಮಡಿಯ ಮನೆ" ಎಂದೆ. "ನೈವೇದ್ಯದ ಪಟ್ಟೆ ಸೀರೆ ಒಂದೇ, ಇಬ್ಬರೂ ಉಡ್ತೀವಿ. ರೇಷ್ಮೆಗೆ ಮೈಲಿಗೆ ಇಲ್ವಲ್ಲ."

"ಮೈಲಿಗೆ ಇಲ್ದೇ ಇರಬಹುದು, ಬೂಷ್ಟು ಇರುತ್ತೆ. ನಿಮಗೆ ಎಲ್ಲಾದ್ರೂ ತುರಿಕೆ ಇದೆಯಾ?"

ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ನಾಲ್ಕು ವರ್ಷದಿಂದ ಅಲ್ಲೊಂದು ಕಪ್ಪು ಪಟ್ಟಿಯಿತ್ತು. ಉಷ್ಣ ಎಂದುಕೊಂಡು ನಿಂಬೆರಸ ಹಚ್ಚುತ್ತಿದ್ದೆ. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಕಂಡವಳು ನಾನು. ಡಾಕ್ಟರು ಇಬ್ಬರಿಗೂ ಮದ್ದು ಬರೆದರು. ಕಲೆ ಹೋದರೂ ಹೇಳಿದಷ್ಟು ದಿನ ಬಿಡದೆ ಹಚ್ಚಬೇಕು, ಬಟ್ಟೆ ಬೇರೆ ಬೇರೆ ಇರಬೇಕು, ಬಿಸಿನೀರಲ್ಲಿ ಒಗೆದು ಪೂರ್ತಿ ಒಣಗಿಸಿಯೇ ಉಡಬೇಕು ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಸಿಂಚನಾ ಮೆಲ್ಲಗೆ ಹೇಳಿದಳು, "ನಂಗೆ ಗೊತ್ತಿತ್ತು ಅತ್ತೆ. ಚೌತಿ ದಿನ ನೆರಿಗೆ ಹಿಡಿಯಕ್ಕಾರೇ ನಿಂಗಳ ಸೊಂಟದ್ದು ಕಂಡಿತ್ತು."

"ಮತ್ತೆ ಎಂತಕ್ಕೆ ಹೇಳಿದ್ದಿಲ್ಲೆ?"

"ನೆಂಟರ ಎದುರಿಗೆ ಹೇಳಲೆ ಮನಸ್ಸು ಬಂಜಿಲ್ಲೆ."

ನನಗೆ ಅದೇ ನೆಂಟರ ಎದುರಿಗೆ ಮನಸ್ಸು ಬಂದಿತ್ತಲ್ಲ. ನಾಚಿಕೆಯಿಂದ ದಾರಿಯುದ್ದಕ್ಕೂ ಅವಳ ಮುಖ ನೋಡಲಾಗಲಿಲ್ಲ.

ಪಟ್ಟೆ ಸೀರೆಯನ್ನು ಬಿಸಿನೀರಿಗೆ ಹಾಕಿದೆ, ಬಣ್ಣವೆಲ್ಲ ಬಿಟ್ಟಿತು. ಹೋಗಲಿ. ಎರಡು ತಿಂಗಳಲ್ಲಿ ಇಬ್ಬರಿಗೂ ಗುಣವಾಯಿತು. ಅಷ್ಟು ದಿನ ಒಳಗೆ ಕರೆಯಲು ಅದೇ ನಾಚಿಕೆ ಬಿಟ್ಟಿರಲಿಲ್ಲ. ಅಂದು ಅವಳಿಗಿಷ್ಟದ ಅಪ್ಪೆಹುಳಿ ಮಾಡಿ, ಒಳಗೆ ನನ್ನ ಪಕ್ಕದಲ್ಲೇ ಬಾಳೆ ಹಾಕಿ ಕರೆದೆ. "ತಪ್ಪಾತು ಮಗಾ, ಒಳಗೆ ಬಾ."

ಅವಳು ಆಗಲೇ ಜಗುಲಿಯಲ್ಲಿ ಚಾಪೆ ಹಾಸಿಕೊಂಡಿದ್ದಳು. ನಕ್ಕಳು.

"ಇರ್ಲಿ ಅತ್ತೆ, ನಂಗೆ ಇಲ್ಲೇ ರೂಢಿ ಆಗೋತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದಾದರೂ ಒಳಗೆ ಕರೆತರುತ್ತಿದ್ದೆ.