ನಾಲ್ಕನೆಯ ತಂತಿ

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಬೇಕಾದರೆ ಆಣೆ ಮಾಡಬಹುದು, ಅಂಗಡಿಯ ಸ್ಪೀಕರು ಅವನ ಎದೆಯೆತ್ತರ ಇತ್ತು, ಕಪ್ಪು ಬಟ್ಟೆ ಹೊದ್ದು ನಿಂತಿತ್ತು, ಹಾಡುಗಾರ ಬಾಯಿ ತೆರೆಯುವ ಮುಂಚೆ ಎಳೆದುಕೊಂಡ ಉಸಿರಿಗೆ ಎದುರು ಕೂತ ಅವನ ಪ್ಯಾಂಟಿನ ಕಾಲು ಅಲುಗಿತು — ಮನೆಗೆ ಹೋಗಿ ಹೇಳಿದರೆ ಯಾರು ನಂಬುತ್ತಾರೆ, ರೀಲು ಮಾಮ ಶುರು ಮಾಡಿದ ಎನ್ನುತ್ತಾರೆ ಅಕ್ಕನ ಮಕ್ಕಳು, ಬಿಡಲಿ, ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಕೂತು ಊರವರ ಬಾಯಿಗೆ ಸುಳ್ಳು ಹಲ್ಲು ಕೂರಿಸಿದವನು ಬಾಯಲ್ಲಿ ಎರಡು ಸುಳ್ಳು ಇಟ್ಟುಕೊಂಡರೆ ಯಾರ ಗಂಟೇನು ಹೋಯಿತು, ಈ ಸೋಫಾ ಎಷ್ಟು ಮೆತ್ತಗಿದೆ, ಕೂತವನು ಎದ್ದು ಹೋಗಬಾರದೆಂದೇ ಮಾಡಿದ್ದಾರೆ, ಮಧ್ಯಾಹ್ನದ ಬಿಸಿಲು ಪರದೆಯ ಸಂದಿಯಲ್ಲಿ ಇಳಿದು ಧೂಳು ತೇಲಿಸುತ್ತಿದೆ, ಟೈ ಕಟ್ಟಿದ ಸೇಲ್ಸಿನವನು ಕೈ ಕಟ್ಟಿ ನಿಂತಿದ್ದಾನೆ, ಬೇಸ್ ಕೇಳಿ ಸಾರ್, ಎದೆ ಮೇಲೇ ಬಂದು ಕೂತ್ಕೊಳ್ಳುತ್ತೆ, ಹೌದಪ್ಪ ಕೂತಿದೆ, ಏಳುತ್ತಲೇ ಇಲ್ಲ, ಇದು ನನ್ನ ಕೈಗೆಟುಕೋ ಮಾಲಲ್ಲ, ಸುಮ್ನೆ ಕೇಳಿ ಸಾರ್, ಕೇಳೋದಕ್ಕೇನು ದುಡ್ಡಾ — ಅವನು ಮನೆಯಿಂದ ತಂದ ಸೀಡಿಯ ಹಾಡು ಸುತ್ತುತ್ತಿದೆ, ಹಿಂದೆ ತಂಬೂರಿ, ನಾಲ್ಕು ತಂತಿ, ಪ ಸ ಸ ಸ, ಆ ತಂಬೂರಿ ಹಿಡಿದವಳು ಅಕ್ಕ, ಇಪ್ಪತ್ತರ ಅಕ್ಕ, ಯಾವಾಗಲೂ ಮೀಟುವವರಿಗೆ ಜ್ವರ ಬಂತೆಂದು ಶಿಷ್ಯೆಯನ್ನು ಕರೆದುಕೊಂಡು ಹೋದರಂತೆ ಗುರುಗಳು, ಈಗ ಹಾಡುತ್ತಿರುವವರು ಅವರೇ, ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆ ಎಲ್ಲರ ಹೆಸರೂ ಇದೆ, ಅವಳದೊಂದಿಲ್ಲ, ತಟ್ಟೆ ಸೀಡಿಯಾಯಿತು, ಆಗಲೂ ಇಲ್ಲ. ಆ ದಿನ ಸಂಜೆ ಅಕ್ಕ ಅಡುಗೆಮನೆಯ ಹೊಸಿಲ ಮೇಲೆ ಕೂತು ಜಡೆ ಬಿಚ್ಚುತ್ತ ಹೇಳಿದ್ದು, ಯಾರಿಗೂ ಹೇಳ್ಬೇಡ ಕಣೋ ತಮ್ಮಾ, ಮಧ್ಯದಲ್ಲಿ ಸೀನು ಬಂದ್ಬಿಡ್ತು, ಗಾಜಿನ ಆಚೆ ರೆಕಾರ್ಡಿಂಗಿನವರು ಕೈ ಎತ್ಕೊಂಡು ನಿಂತಿದಾರೆ, ಏನ್ಮಾಡ್ಲಿ, ಬೆರಳು ತಗೊಂಡ್ಹೋಗಿ ಮೂಗಿನ ಕೆಳಗೆ ಒತ್ತಿಟ್ಕೊಂಡೆ, ನಾಲ್ಕನೇ ತಂತಿ ಒಂದ್ಸಲ ತಪ್ಪೋಯ್ತು, ಗುರುಗಳಿಗೆ ಗೊತ್ತಾದ್ರೆ ಕೊಂದೇ ಹಾಕ್ತಾರೆ — ಯಾರಿಗೂ ಹೇಳಬೇಡ ಎಂದದ್ದನ್ನು ಅವನು ನಲವತ್ತು ವರ್ಷ ಎಲ್ಲರಿಗೂ ಹೇಳಿದ, ಬರೀ ಸೀನು ಸಪ್ಪೆ ಎನಿಸಿತು, ಗುರುಗಳು ಕಣ್ಣೀರಿಟ್ಟು ಬಂಗಾರದ ಬಳೆ ತೊಡಿಸಿದ್ದು ಸೇರಿಸಿದ, ರೆಕಾರ್ಡಿಂಗಿನವನು ಮೂರ್ಛೆ ಹೋದದ್ದು ಸೇರಿಸಿದ, ಮುಂದೆ ಗುರುಗಳ ಹಲ್ಲಿನ ಸೆಟ್ಟು ಹಾರಿ ಮೃದಂಗದ ಮೇಲೆ ಬಿದ್ದು ಸರಿಯಾಗಿ ತಾಳಕ್ಕೇ ಸದ್ದು ಮಾಡಿದ್ದೂ ಸೇರಿತು, ಅದು ಒಳ್ಳೇ ಹೊಂದಿಕೊಂಡಿತ್ತು.

ಹೋದ ತಿಂಗಳು ಅಕ್ಕ, ಈಗೀಗ ಒಲೆಯ ಮೇಲೆ ಹಾಲಿಟ್ಟದ್ದು ಮರೆಯುವ ಅಕ್ಕ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದಳು, ನಾನ್ಯಾವಾಗ ಹೋಗಿದ್ದೆನೋ ರೆಕಾರ್ಡಿಂಗಿಗೆ, ಅದೂ ನಿನ್ನ ರೀಲೇ ಇರ್ಬೇಕು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಅವನೂ ನಗಲು ಹೋದ, ಆಗಲಿಲ್ಲ — ಯಾಕೆಂದರೆ ಬಳೆ ತನ್ನದು, ಮೂರ್ಛೆ ತನ್ನದು, ಹಲ್ಲಿನ ಸೆಟ್ಟಂತೂ ತನ್ನದೇ, ಹಾಗಾದರೆ ಸೀನು? ಅದೂ ತನ್ನದೇ ಆಗಿದ್ದರೆ? ಮನೆಯ ಕಪಾಟಿನ ಮೇಲಿನ ಪುಟ್ಟ ಸೀಡಿ ಪೆಟ್ಟಿಗೆಯಲ್ಲಿ ತಂಬೂರಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ, ಸೊಳ್ಳೆ ಎಲ್ಲಿ ತಪ್ಪಿತೆಂದು ಯಾರು ಹೇಳಬೇಕು, ಅದಕ್ಕೇ ಇಲ್ಲಿಗೆ ಬಂದದ್ದು, ಈಗ ಹನ್ನೊಂದನೆಯ ನಿಮಿಷ, ಹಾಡುಗಾರ ನಿಲ್ಲಿಸುತ್ತಾನೆ, ಇಲ್ಲೇ, ಇಲ್ಲೇ ಎಲ್ಲೋ — ದೊಡ್ಡ ಸ್ಪೀಕರು ಕೆರೆ ಕಟ್ಟೆ ಒಡೆದಂತೆ ಗಂಭೀರವಾಗಿ ಹರಿಯಿತು, ಒಂದು ಸ ಇನ್ನೊಂದರ ಮೇಲೆ ಮಗುಚಿಕೊಂಡಿತು, ಎಲ್ಲೂ ಸಂದಿಲ್ಲ, ಬಿರುಕಿಲ್ಲ, ಇನ್ನೊಂದ್ಸಲ ಹಾಕಪ್ಪ, ಇನ್ನೊಂದು ಸಲವೂ ಇಲ್ಲ, ನೀರಿನಲ್ಲಿ ಕೂತಂತಿದೆ, ಧೂಳು ಮೀನಿನ ಹಾಗೆ ಸುತ್ತುತ್ತಿದೆ, ಅಕ್ಕ ನೀರಿನ ತಳದಲ್ಲಿ ಜಡೆ ಬಿಚ್ಚುತ್ತಿದ್ದಾಳೆ, ಬಾಯಿ ಆಡುತ್ತಿದೆ, ಏನು ಹೇಳುತ್ತಿದ್ದಾಳೋ ಕೇಳಿಸುತ್ತಿಲ್ಲ, ಆದರೂ ಮನೆಯಲ್ಲಿ ಆ ಕಿಟಕಿಯ ಕುರ್ಚಿಯ ಕೈ ಮೇಲೆ ಅವಳ ಬೆರಳು ಆಡುವುದುಂಟಲ್ಲ, ನಡುಬೆರಳು ಒಂದು ಸಲ, ತೋರುಬೆರಳು ಮೂರು ಸಲ, ಏನಕ್ಕಾ ಮಾಡ್ತಿದೀಯ, ಗೊತ್ತಿಲ್ಲಪ್ಪ, ಅದರಷ್ಟಕ್ಕೆ ಅದು ಆಡುತ್ತೆ.

ಆ ಮೂಲೇಲಿರೋ ಚಿಕ್ಕವು? ಅವಾ ಸಾರ್, ತೋರಿಸೋಕೆ ಇಟ್ಟಿದ್ದು, ಒಂದು ಬದಿ ಗೀಚಿದೆ, ಅದಕ್ಕೇ ಕಡಿಮೆಗೆ ಹಾಕಿದೀವಿ, ಬೇಸೇ ಇಲ್ಲ ಸಾರ್ ಅದಕ್ಕೆ, ಇರ್ಲಿ ಹಾಕಪ್ಪ, ಚಪ್ಪಲಿ ಡಬ್ಬದಷ್ಟಿವೆ, ಗೋಡೆಗೆ ಅಂಟಿಸಿದ್ದಾರೆ, ಅವನೇ ಎದ್ದು ಒಂದು ಗೇಣು ಮುಂದಕ್ಕೆಳೆದ, ಹಲ್ಲು ಕೂರಿಸುವಾಗಿನ ಹಾಗೆ ಕೂದಲೆಳೆ ಕೂದಲೆಳೆ ತಿರುಗಿಸಿ ತನ್ನ ಕಡೆಗೆ ಮುಖ ಮಾಡಿಸಿದ, ಕೂತ, ಕಣ್ಣು ಮುಚ್ಚಿದ — ಹಾಡುಗಾರ ಚಿಕ್ಕವನಾದ, ಮನುಷ್ಯನಷ್ಟಾದ, ಅವನ ಬೆನ್ನ ಹಿಂದೆ ಜಾಗ ತೆರೆದುಕೊಂಡಿತು, ಜಾಗದಲ್ಲಿ ಚಾಪೆ, ಚಾಪೆಯ ಮೇಲೆ ಯಾರೋ, ಪ ಸ ಸ ಸ, ಒಂದೊಂದೂ ಬೇರೆ ಬೇರೆ, ಬೆರಳಿಟ್ಟು ಎಣಿಸಬಹುದು, ಪ ಸ ಸ ಸ, ಹತ್ತನೆಯ ನಿಮಿಷ, ಹನ್ನೊಂದು, ಹಾಡುಗಾರ ನಿಲ್ಲಿಸಿದ, ಪ, ಸ, ಸ —

ಪ ಸ ಸ ಸ. ಮತ್ತೆ ಎಂದಿನಂತೆ. ಆದರೆ ನಡುವೆ ಒಂದು ಹಲ್ಲು ಇರಲಿಲ್ಲ, ಹಾಲುಹಲ್ಲು ಬಿದ್ದ ಮಗು ನಕ್ಕ ಹಾಗೆ ಅಲ್ಲೊಂದು ಸಂದು, ಅದರಲ್ಲಿ ಇಣುಕಿದರೆ ಗಾಜು, ಗಾಜಿನಾಚೆ ಎತ್ತಿದ ಕೈ, ಈಚೆ ಕಣ್ಣು ತುಂಬಿಕೊಂಡ ಇಪ್ಪತ್ತರ ಹುಡುಗಿ, ಮೂಗಿನ ಕೆಳಗೆ ಬೆರಳು. ಇದನ್ನೇ ಕೊಡಿ. ಸಾರ್, ಗೀಚಿದ್ದು ವಾಪಸ್ ತಗೊಳ್ಳಲ್ಲ ಆಮೇಲೆ. ಬೇಡ, ತಗೋಬೇಡಿ. ಈಗ ಕೇಳಿಸ್ತಾ ನಿಮಗೆ? ಏನು ಸಾರ್? ಅಲ್ಲಿ, ಹನ್ನೊಂದನೇ ನಿಮಿಷದಲ್ಲಿ. ಅಲ್ಲೇನೂ ಇಲ್ವಲ್ಲ ಸಾರ್. ಏನೂ ಇಲ್ವಲ್ಲ, ಅದೇ ನಮ್ಮಕ್ಕ. ಸೇಲ್ಸಿನವನು ಅವನ ಮುಖ ನೋಡಿದ. ಇವತ್ತು ಸಂಜೆ ಕಿಟಕಿಯ ಹತ್ತಿರ ಇಡಬೇಕು, ಗೋಡೆಗೆ ಒಂದು ಗೇಣು ಬಿಟ್ಟು, ಅಕ್ಕಾ ಸುಮ್ನೆ ಕೇಳು ಎನ್ನಬೇಕು, ಬಳೆ ಹೇಳಬಾರದು, ಹಲ್ಲಿನ ಸೆಟ್ಟು ಹೇಳಬಾರದು, ನಾಲಿಗೆ ಕಚ್ಚಿಕೊಂಡಾದರೂ ಸುಮ್ಮನಿರಬೇಕು — ಎಂದುಕೊಂಡವನೇ ಸೇಲ್ಸಿನವನ ಕಡೆ ತಿರುಗಿದ, ನೋಡಿ, ಆಗ ಅವಳಿಗೆ ಇಪ್ಪತ್ತು ವರ್ಷ, ಯಾವಾಗ್ಲೂ ಮೀಟೋರಿಗೆ ಜ್ವರ, ಬಳೆ ಗಿಳೆ ಏನೂ ಕೊಡ್ಲಿಲ್ಲ, ಸುಮ್ನೆ ಒಂದು ಸೀನು ಬಂತು, ಅಷ್ಟೇ, ಅವಳು ಮೆಲ್ಲಗೆ ಬೆರಳು ಎತ್ತಿ — ಬಾಗಿಲಲ್ಲಿ ಯಾರೋ ಗಂಡ ಹೆಂಡತಿ ಟಿವಿ ಬೇಕೆಂದು ಬಂದರು, ಬನ್ನಿ ಸಾರ್ ಬನ್ನಿ ಮೇಡಂ, ಟೈ ಅತ್ತ ಹೋಯಿತು, ಕೋಣೆಯಲ್ಲಿ ಧೂಳು, ಬಿಸಿಲು, ಅವನು ಗುಂಡಿ ಒತ್ತಿ ಹಿಂದಕ್ಕೆ ತಿರುಗಿಸಿದ, ಪ, ಸ, ಸ, ಬೆರಳು ತಂತಿ ಬಿಟ್ಟು ಏಳುತ್ತಿದೆ, ಮತ್ತೆ ತಿರುಗಿಸಿದ, ಪ, ಸ, ಸ, ಬೆರಳು ಏಳುತ್ತಿದೆ, ಮೂಗಿನ ಹತ್ತಿರ, ಇನ್ನೇನು ತಾಗಬೇಕು, ಬೆರಳು —