ಬಾರದ ರೊವೆನಾ

ನನ್ನ ಕೆಲಸ ಜನರ ಹಲ್ಲು ಕ್ಲೀನ್ ಮಾಡುವುದು. ಕುರ್ಚಿಯಲ್ಲಿ ಮಲಗಿದವರು ನನ್ನ ಅಂಗಿಯ ಮೇಲಿನ ಹೆಸರು ಓದಿದ ಕೂಡಲೇ, ಬಾಯಲ್ಲಿ ಎಂಜಲು ಎಳೆಯುವ ಕೊಳವೆ ಇದ್ದರೂ, ಆ ಹಾಡನ್ನು ಗುನುಗಲು ಶುರು ಮಾಡುತ್ತಾರೆ. 'ನೀನು ಬರಲೇ ಇಲ್ಲ, ರೊವೆನಾ.' ಇಪ್ಪತ್ತೆರಡು ವರ್ಷದಿಂದ ಇದೇ ಕಾಟ. ನಾನೂ ಏನು ಕಮ್ಮಿಯಿಲ್ಲ, ಅಂಥವರ ಒಸಡಿಗೆ ಸ್ವಲ್ಪ ಜೋರಾಗಿಯೇ ಕೈ ಹಾಕುತ್ತೇನೆ.

ಆ ರೊವೆನಾ ನಾನೇ ಎಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಲೂ ಇಲ್ಲ. ನ್ಯಾಷನಲ್ ಸಿಟಿ ಎಂಬ ನಮ್ಮೂರಿನ ಫಿಲಿಪಿನೊ ಮನೆಗಳಲ್ಲಿ ರೊವೆನಾಗಳಿಗೆ ಬರವೇ? ನಮ್ಮ ಚರ್ಚಿನಲ್ಲೇ ಏಳು ಜನರಿದ್ದಾರೆ.

ಹಾಡು ಕಟ್ಟಿದವನು ಟ್ರೆಂಟ್ ವೊಗೆಲ್, ಲೇಟ್ ಸ್ಲಿಪ್ಸ್ ಎಂಬ ಪಾಪ್-ಪಂಕ್ ತಂಡದ ಹಾಡುಗಾರ. ಹಾಡಿನ ಕಥೆ ಇಷ್ಟೇ: ಹುಡುಗ ಹುಡುಗಿ ಒಟ್ಟಿಗೆ ಊರು ಬಿಡುವುದೆಂದು ಮಾತಾಗುತ್ತದೆ, ಹುಡುಗ ಡೋನಟ್ ಅಂಗಡಿಯ ಮುಂದೆ ಸುರಿಯುವ ಮಳೆಯಲ್ಲಿ ಕಾಯುತ್ತಾನೆ, ಹುಡುಗಿ ಬರುವುದಿಲ್ಲ. ಬೇಸಿಗೆಯಿಡೀ ಹನಿ ಬೀಳದ ನಮ್ಮೂರಲ್ಲಿ ಆಗಸ್ಟ್ ತಿಂಗಳಲ್ಲಿ ಮಳೆಯಂತೆ! ನಡೆದದ್ದೇ ಬೇರೆ. ತಂಡ ಊರೂರಿಗೆ ಹೋಗಿ ಹಾಡುವ ಮೊದಲ ಪ್ರವಾಸಕ್ಕೆ ಟೀಶರ್ಟ್ ಮಾರಲು ನಾನೂ ಹೋಗುವುದೆಂದಿತ್ತು. ಬೆಳಿಗ್ಗೆ ಆರಕ್ಕೆ ಬ್ಯಾಗು ಹಿಡಿದು ಆ ಅಂಗಡಿಯ ಮುಂದೆ ನಿಂತವಳು ನಾನು. ಮಧ್ಯಾಹ್ನ ಎರಡಕ್ಕೆ ಅಂಗಡಿಯ ಕಾಂಬೋಡಿಯಾದ ಆಂಟಿ ಬಾಗಿಲು ಹಾಕಿ, ಉಳಿದ ಡೋನಟ್‌ಗಳನ್ನು ಗುಲಾಬಿ ಡಬ್ಬಕ್ಕೆ ತುಂಬಿ ನನ್ನ ಕೈಗಿಟ್ಟು, "ಮನೆಗೆ ಹೋಗಮ್ಮ" ಎಂದರು. ನನ್ನನ್ನು ಹತ್ತಿಸಿಕೊಳ್ಳಬೇಕಿದ್ದ ತಂಡದ ವ್ಯಾನು ಅಷ್ಟೊತ್ತಿಗೆ ಪಕ್ಕದ ರಾಜ್ಯ ಅರಿಜೋನಾ ಸೇರಿತ್ತು. ನನ್ನ ಸೀಟಿನಲ್ಲಿ ಸ್ಪೀಕರ್ ಪೆಟ್ಟಿಗೆ ಕೂತಿತ್ತು. ಒಂದು ತಿಂಗಳು ಅತ್ತೆ.

ಆಮೇಲೆ ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಸಿಟ್ಟು ತಾನಾಗಿ ಇಳಿಯಿತು. ಈಗ ಟ್ರೆಂಟ್ ಆರು ತಿಂಗಳಿಗೊಮ್ಮೆ ನನ್ನ ಕುರ್ಚಿಗೇ ಬರುತ್ತಾನೆ. ಲಾಸ್ ಏಂಜಲಿಸ್‌ನಲ್ಲಿ ಈಜುಕೊಳದ ಮನೆ ಇದೆ, ಆದರೂ ಹಲ್ಲಿಗೆ ನಾನೇ ಆಗಬೇಕು. ನಿಯಮಗಳನ್ನೆಲ್ಲ ಮುರಿಯುತ್ತೇನೆ ಎಂದು ಅರಚುವ ಈ ಪುಣ್ಯಾತ್ಮ ದಿನಕ್ಕೆರಡು ಸಲ ತಪ್ಪದೆ ಹಲ್ಲಿನ ಸಂದಿಗೆ ದಾರ ಹಾಕಿ ಉಜ್ಜುತ್ತಾನೆ. ವಯಸ್ಸು ನಲವತ್ತನಾಲ್ಕು, ಮಂಡಿಗೆ ಪಟ್ಟಿ, ಹಾಡಿನಲ್ಲಿ ಮಾತ್ರ ಇನ್ನೂ ಹದಿನೇಳು. ಪ್ಯಾಂಟು ಅಂಗಡಿಯಿಂದಲೇ ಹರಿದುಕೊಂಡು ಬಂದದ್ದು. ಬೈಯೋಣವೆಂದು ಬಾಯಿ ತೆರೆದರೆ ನನಗೆ ನಗು ಬರುತ್ತದೆ.

ನನ್ನ ಅಮ್ಮ ಬಾಯಿ ಬಿಡುವ ತನಕ ಎಲ್ಲ ಸರಿಯಾಗಿಯೇ ಇತ್ತು. ಮಗಳು ಟೆಸ್‌ಗೆ ಹದಿನಾಲ್ಕು. ಮೂರು ಹೊತ್ತೂ ಅವಳ ಬಾಯಲ್ಲಿ ಇದೇ ಹಾಡು. ಒಂದು ಭಾನುವಾರ ಅವಳ ಅಜ್ಜಿ ತಟ್ಟೆಗೆ ಪನ್ಸಿತ್ ನೂಡಲ್ಸ್ ಬಡಿಸುತ್ತಾ, "ಈ ಹುಡ್ಗ ಇದೇ ಟೇಬಲ್ಲಲ್ಲಿ ಎಷ್ಟು ತಟ್ಟೆ ಖಾಲಿ ಮಾಡಿದಾನೋ! ನಿಮ್ಮಮ್ಮನ ಹಿಂದೇನೇ ಸುತ್ತೋನು" ಎಂದುಬಿಟ್ಟಳು.

ಟೆಸ್ ಫೋರ್ಕ್ ಕೆಳಗಿಟ್ಟಳು. "ಆ ರೊವೆನಾ ನೀನಾ? ಅವ್ರನ್ನ ಮಳೇಲಿ ಬಿಟ್ಟೋದೋಳು ನೀನಾ?"

"ಮಳೆ ಎಲ್ಲಿಂದ ಬಂತೇ? ಕಾದೋಳು ನಾನು!"

"ಅಮ್ಮ, ಅವ್ರು ಹಾಡ್ತಾ ಹಾಡ್ತಾ ಅಳ್ತಾರೆ. ಸುಳ್ಳಿಗೆ ಯಾರಾದ್ರೂ ಅಳ್ತಾರಾ?"

ಅಂದಿನಿಂದ ಅವಳು ನನ್ನ ಜತೆ ಮಾತೇ ಕಮ್ಮಿ ಮಾಡಿದಳು. ಶಾಲೆಯಿಂದ ಕರೆತರಲು ಹತ್ತು ನಿಮಿಷ ತಡವಾದರೆ, "ಬಿಡು, ಕಾಯಿಸೋದು ನಿಂಗೆ ಮೊದ್ಲಿಂದ ಅಭ್ಯಾಸ" ಎನ್ನುವಳು. ಲೋಕವೆಲ್ಲ ನನ್ನನ್ನು ಕೈಕೊಟ್ಟವಳು ಎಂದುಕೊಳ್ಳಲಿ, ನನಗೇನು? ಹೆತ್ತ ಮಗಳು ಹಾಗೆ ನಂಬಿದ್ದನ್ನು ನನ್ನಿಂದ ಸಹಿಸಲಾಗಲಿಲ್ಲ.

ಮುಂದಿನ ತಿಂಗಳು ಲೇಟ್ ಸ್ಲಿಪ್ಸ್ ನಮ್ಮೂರಿನ ಹಳೆಯ ಸ್ಕೇಟಿಂಗ್ ಹಾಲ್‌ನಲ್ಲಿ ಒಂದು ಶನಿವಾರ ಮಧ್ಯಾಹ್ನ ಹಾಡುವುದಿತ್ತು. ಅದೇ ದಿನ ಬೆಳಿಗ್ಗೆ ಟ್ರೆಂಟ್ ಹಲ್ಲಿಗೆ ಬಂದ. ನಾನು ಟೆಸ್‌ಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹಲ್ಲು ಕೆರೆಯುವ ಕೊಕ್ಕೆಯನ್ನು ಅವನ ಬಾಯೊಳಗಿಟ್ಟು ಕೇಳಿದೆ: "ಹೇಳಪ್ಪ, ಅವತ್ತು ಬರದೇ ಇದ್ದೋರು ಯಾರು?"

"ಆಆ," ಎಂದ. ಕೊಕ್ಕೆ ತೆಗೆದೆ.

"ನಾನೇ ಕಣಮ್ಮ," ಎಂದ ಟೆಸ್‌ಗೆ. "ಕಾದೋಳು ನಿಮ್ಮಮ್ಮ. ಸೀಟು ಒಂದೇ ಉಳಿದಿತ್ತು, ನಾನು ಸ್ಪೀಕರ್ ತುಂಬ್ಕೊಂಡು ಹೋದೆ. ಮೊದ್ಲು ಹಾಡು ಹಂಗೇ ಬರೆದಿದ್ದೆ. ಹಾಡಿ ನೋಡಿದ್ರೆ ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಅದಕ್ಕೇ ಉಲ್ಟಾ ಮಾಡ್ಬಿಟ್ಟೆ. ಅಳು ಮಾತ್ರ ನಿಜ. ನಾನು ಮಾಡಿದ ಕೆಲ್ಸಕ್ಕೆ ಅಳ್ತೀನಿ, ಜನ ಬೇರೆ ಏನೋ ಅಂದ್ಕೋತಾರೆ."

ಟೆಸ್‌ಳ ಕಣ್ಣು ತುಂಬಿತು. ಅಬ್ಬಾ, ಗೆದ್ದೆ ಎಂದುಕೊಂಡೆ.

"ಎಷ್ಟು ಒಳ್ಳೇವ್ರು ನೀವು," ಎಂದಳು ಅವಳು. "ನಮ್ಮಮ್ಮನ ಮರ್ಯಾದೆ ಉಳಿಸೋಕೆ ಎಲ್ಲಾ ನಿಮ್ಮ ಮೇಲೇ ಹಾಕ್ಕೋತಿದೀರ."

ನಾನು ಕೊಕ್ಕೆಯನ್ನು ತಟ್ಟೆಯಲ್ಲಿಟ್ಟೆ. ಕೈಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆನೋ.

ಅವಳು ಹೊರಗೆ ಹೋದ ಮೇಲೆ ಟ್ರೆಂಟ್ ಕುರ್ಚಿಯಿಂದ ಎದ್ದು ಕೂತ. "ರೋ, ಇವತ್ತು ನಿಜಾನೇ ಹಾಡ್ತೀನಿ. 'ವ್ಯಾನು ಹತ್ತಿ ಹೋದೋನು ನಾನೇ' ಅಂತ. ಎಂಟುನೂರು ಜನರ ಮುಂದೆ. ಆಗ ನಂಬ್ತಾಳೆ."

"ಧೈರ್ಯ ಇದೆಯೇನೋ?"

"ಇಲ್ಲ. ಆದ್ರೂ ಹಾಡ್ತೀನಿ. ನಿನ್ನಾಣೆ."

ಹಾಲ್‌ನ ಬಾಗಿಲಲ್ಲಿ ಚಿಕ್ಕವರ ಕೈ ಮೇಲೆಲ್ಲ ಕಪ್ಪು ಪೆನ್ನಿನಲ್ಲಿ ದೊಡ್ಡ ಇಂಟು ಗುರುತು ಹಾಕುತ್ತಿದ್ದರು, ಒಳಗೆ ಬಿಯರ್ ಕೊಡಬಾರದೆಂದು. ಟೆಸ್ ಆ ಗುರುತನ್ನು ಪದಕದಂತೆ ಎತ್ತಿ ಹಿಡಿದು ನನಗಿಂತ ಎರಡು ಹೆಜ್ಜೆ ದೂರ ನಿಂತಳು. ಟ್ರೆಂಟ್ ಮಂಡಿ ನೋವು ಮರೆತು ಕುಣಿದ, ಈ ಊರನ್ನು ದ್ವೇಷಿಸುತ್ತೇನೆ ಎಂದು ಹಾಡಿದ, ನಡುನಡುವೆ ಊರಿನವರಿಗೆಲ್ಲ ಥ್ಯಾಂಕ್ಸ್ ಹೇಳಿದ. ಕೊನೆಗೆ ಆ ಹಾಡು ಬಂತು.

ಪಲ್ಲವಿ ಹತ್ತಿರವಾಗುತ್ತಿದ್ದಂತೆ ಅವನು ನನ್ನನ್ನೇ ನೋಡಿ ಉಸಿರು ಎಳೆದುಕೊಂಡ. ಆದರೆ ಇಪ್ಪತ್ತೆರಡು ವರ್ಷದಿಂದ ವೇದಿಕೆಯ ಮೇಲೆ ಆ ಸಾಲನ್ನು ಅವನು ಹಾಡಿದ್ದೇ ಇಲ್ಲ. ಸರಿಯಾಗಿ ಅಲ್ಲಿಗೆ ಬಂದಾಗ ಮೈಕಿನ ಕಂಬವನ್ನು ಜನರ ಕಡೆ ವಾಲಿಸುತ್ತಾನೆ, ಜನ ಹಾಡುತ್ತಾರೆ. ಅಭ್ಯಾಸದ ಕೈ ನೋಡಿ, ಮನಸ್ಸನ್ನು ಕೇಳಲೇ ಇಲ್ಲ. ಕಂಬ ವಾಲಿತು. ಎಂಟುನೂರು ಗಂಟಲು ಒಟ್ಟಿಗೆ ಕೂಗಿದವು: "ನೀನು ಬರಲೇ ಇಲ್ಲ, ರೊವೆನಾ!"

ಕಾರಿನೊಳಗೇ ಕೀ ಬಿಟ್ಟು ಬಾಗಿಲು ಹಾಕಿಕೊಂಡವನ ಮುಖ ಅವನದಾಯಿತು. ನಾನು ತಲೆ ಮೇಲೆ ಕೈ ಹೊತ್ತೆ.

ಪಲ್ಲವಿ ಎರಡನೇ ಸಲ ಬಂದಾಗ ಕಂಬವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, "ವ್ಯಾನು ಹತ್ತಿ ಹೋದೋನು ನಾನೇ" ಎಂದು ಅರಚಿದ. ಅವನ ತುಟಿ ಆಡಿದ್ದು ಕಂಡಿತು, ಜನರ ಕೂಗಿನಲ್ಲಿ ಮಾತು ಕೇಳಲಿಲ್ಲ. ಜನರಿಗೆ ಅವನ ನಿಜ ಬೇಕಾಗಿರಲಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಬೋಳುತಲೆಯ ಗಂಡಸು ಕಣ್ಣು ಮುಚ್ಚಿ, ಕೆನ್ನೆ ಒದ್ದೆ ಮಾಡಿಕೊಂಡು ನನ್ನ ಹೆಸರು ಕೂಗುತ್ತಿದ್ದ. ಅವನಿಗೆ ಯಾರು ಬರಲಿಲ್ಲವೋ ಪಾಪ. ಅಲ್ಲಿದ್ದ ಎಲ್ಲರೂ ಯಾವತ್ತೋ ಯಾರಿಗೋ ಕಾದವರೇ. ನನ್ನಷ್ಟು ಕಾದವರು ಎಷ್ಟು ಜನ? ಆ ಹಾಡಿನ ಮೇಲೆ ಎಲ್ಲರಿಗಿಂತ ಹೆಚ್ಚು ಹಕ್ಕು ನನ್ನದು. ಇಷ್ಟು ವರ್ಷ ಅದನ್ನು ಒಂದು ಸಲವೂ ಬಾಯಿಬಿಟ್ಟು ಹಾಡಿರಲಿಲ್ಲವಲ್ಲ ಎಂದು ಆಗ ಹೊಳೆಯಿತು.

ಮೂರನೇ ಸಲ ಟ್ರೆಂಟ್ ಕೈಚೆಲ್ಲಿ ನನ್ನ ಕಡೆ ನೋಡಿದ. ನಾನು ತೋಳೆತ್ತಿ, ಬೆರಳನ್ನು ನೇರ ಅವನ ಎದೆಗೆ ಗುರಿಯಿಟ್ಟು, ಸಾಲಿನ ಕೊನೆಗಿದ್ದ ನನ್ನ ಹೆಸರನ್ನು ಬಿಟ್ಟು ಹಾಡಿದೆ. "ನೀನು ಬರಲೇ ಇಲ್ಲ!" ಗಂಟಲು ಹರಿಯುವ ಹಾಗೆ ಮತ್ತೆ ಮತ್ತೆ ಕೂಗಿದೆ. ನಗುತ್ತಿದ್ದೆ, ಅಳುತ್ತಲೂ ಇದ್ದೆ. ಟ್ರೆಂಟ್ ಗಿಟಾರ್ ಬಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿ, ಹೌದು ಹೌದು ಎಂದು ಆಡಿಸುತ್ತಾ ನಿಂತ. ಅವನ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು.

ಟೆಸ್ ನನ್ನನ್ನು ನೋಡಿದಳು. ಅವನನ್ನು ನೋಡಿದಳು. ಮತ್ತೆ ನನ್ನ ಬೆರಳನ್ನು ನೋಡಿದಳು. ಆ ಎರಡು ಹೆಜ್ಜೆ ದಾಟಿ ಬಂದು ನನ್ನ ಕಿವಿಗೆ ಬಾಯಿಟ್ಟು ಕೇಳಿದಳು: "ಎಷ್ಟೊತ್ತು ಕಾದೆ ಅಮ್ಮ?"

"ಎಂಟು ಗಂಟೆ ಕಣೇ. ಬಿಸಿಲಲ್ಲಿ."

ಅವಳು ನನ್ನ ಸೊಂಟವನ್ನು ಬಳಸಿ ಹಿಡಿದಳು. ಆಮೇಲೆ ಇಂಟು ಗುರುತಿನ ಕೈಯನ್ನು ಎತ್ತಿ, ಬೆರಳನ್ನು ಟ್ರೆಂಟ್‌ನ ಕಡೆ ಮಾಡಿ, ನನ್ನ ಜತೆ ಹಾಡತೊಡಗಿದಳು.